ಎರಡು ವಿಜಯಪುರ, ಒಂದು ಲಾರಿ

ವಿಜಯಪುರ ಅಂದರೆ ಯಾವ ಊರು? ದೇವನಹಳ್ಳಿ ತಾಲ್ಲೂಕಿನವರನ್ನು ಕೇಳಿದರೆ ರೇಷ್ಮೆಗೂಡಿನ ಮಾರುಕಟ್ಟೆ ಇರುವ ನಮ್ಮೂರು ಅನ್ನುತ್ತಾರೆ. ವಯಸ್ಸಾದವರ ಬಾಯಲ್ಲಿ ಅದಿನ್ನೂ ವಡಿಗೇನಹಳ್ಳಿಯೇ. ರಾಜ್ಯದ ಉಳಿದ ಕಡೆ ಕೇಳಿದರೆ ಗೋಲಗುಮ್ಮಟದ ಊರು ಅನ್ನುತ್ತಾರೆ. ಎರಡೂ ಸರಿ. ಎರಡರ ನಡುವೆ ಮಾತ್ರ ಐನೂರು ಕಿಲೋಮೀಟರಿಗೂ ಹೆಚ್ಚು ದೂರ.

2014ರ ನವೆಂಬರ್ 1ರವರೆಗೆ ಈ ಗೊಂದಲ ಇಷ್ಟಿರಲಿಲ್ಲ. ಆ ರಾಜ್ಯೋತ್ಸವದ ದಿನ ಸರ್ಕಾರ 12 ಊರುಗಳ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಂದಿತು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಆದ ಹಾಗೆ ಬಿಜಾಪುರ ವಿಜಯಪುರ ಆಯಿತು. ಒಳ್ಳೆಯ ಕೆಲಸವೇ. ಆದರೆ ಅದೇ ಹೊತ್ತಿಗೆ ಲಾರಿ ಡ್ರೈವರುಗಳ ಕೈಗೆ ಸ್ಮಾರ್ಟ್‌ಫೋನ್ ಬರುತ್ತಿತ್ತು. ದೊಡ್ಡ ಊರಿನ ಹೆಸರು ಮೇಲೆ, ಸಣ್ಣ ಊರಿನ ಹೆಸರು ಕೆಳಗೆ ತೋರಿಸುವುದು ಫೋನಿನ ಅಭ್ಯಾಸ.

ಇನ್ನೊಂದು ತಮಾಷೆ ನೋಡಿ. ಆ ವಿಜಯಪುರದಲ್ಲೂ ದ್ರಾಕ್ಷಿ ಬೆಳೆಯುತ್ತಾರೆ, ನಮ್ಮ ದೇವನಹಳ್ಳಿ ಸೀಮೆಯಲ್ಲೂ ಬೆಳೆಯುತ್ತಾರೆ. ‘ವಿಜಯಪುರದ ದ್ರಾಕ್ಷಿ ಲೋಡು’ ಅಂದರೆ ಹೊರರಾಜ್ಯದ ಡ್ರೈವರಿಗೆ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಆರು ಅಂಕಿಯ ಹೆಸರು

ಒಂದೇ ಹೆಸರಿನ ಊರುಗಳ ಕಷ್ಟ ಹೊಸದಲ್ಲ. ಅಂಚೆ ಇಲಾಖೆ ಇದನ್ನು ಮೊದಲೇ ಅನುಭವಿಸಿತ್ತು. ದೇಶದ ತುಂಬ ರಾಂಪುರ, ಹೊಸಹಳ್ಳಿಗಳಿದ್ದರೆ ಕಾಗದ ಯಾರಿಗೆ ಮುಟ್ಟಿಸುವುದು? ಅದಕ್ಕಾಗಿಯೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ನಮ್ಮ ವಿಜಯಪುರ 562135. ಗೋಲಗುಮ್ಮಟದ ವಿಜಯಪುರ 586101. ಹೆಸರು ಬದಲಾಗಬಹುದು, ಊರಿಗೆ ಎರಡು ಹೆಸರಿರಬಹುದು, ಅಂಕಿ ಮಾತ್ರ ಒಂದೇ.

ಕಾಗದಕ್ಕೆಂದು ಹುಟ್ಟಿದ ಆ ಅಂಕಿ ಈಗ ಲಾರಿಯ ಹಣೆಬರಹ ಬರೆಯುತ್ತಿದೆ. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಯಾಯಿತು. ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಅವತ್ತೇ ಜಾರಿಗೆ ತಂದದ್ದು ನಮ್ಮ ಕರ್ನಾಟಕ. ಬಿಲ್ಲಿಗೆ ಆಯಸ್ಸು ಇದೆ. ಮೊದಲು 100 ಕಿಲೋಮೀಟರಿಗೆ ಒಂದು ದಿನ ಇತ್ತು, 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ. ಆ ದೂರವನ್ನು ಪೋರ್ಟಲ್ ಲೆಕ್ಕ ಹಾಕುವುದು ಎರಡು ಪಿನ್ ಕೋಡ್ ಇಟ್ಟುಕೊಂಡು. ಪಿನ್ ತಪ್ಪಾದರೆ ದೂರ ತಪ್ಪು, ದೂರ ತಪ್ಪಾದರೆ ಬಿಲ್ಲಿನ ಆಯಸ್ಸು ತಪ್ಪು. ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದಾಗ ಉತ್ತರ ಹೇಳಬೇಕಾದವನು ಸ್ಟೇರಿಂಗ್ ಹಿಡಿದವನು.

ಸರಪಳಿ ಎಳೆದ ಕಾಲ

ನಮ್ಮ ಸೀಮೆಯ ನಕ್ಷೆಯ ಕಥೆ ತುಂಬ ಹಳೆಯದು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ. ಗೆದ್ದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ನೆಲ ಅಳೆಯುವುದು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ 1800ರಲ್ಲಿ ಬೆಂಗಳೂರಿನ ಹತ್ತಿರ ಸುಮಾರು ಏಳೂವರೆ ಮೈಲಿ ನೆಲವನ್ನು ಉಕ್ಕಿನ ಸರಪಳಿ ಎಳೆದು ಅಳೆದ. 1802ರಲ್ಲಿ ಮದರಾಸಿನಿಂದ ಶುರುವಾದ ಮಹಾ ತ್ರಿಕೋನಮಿತಿ ಸರ್ವೆಗೆ ಇದು ತಾಲೀಮು ಇದ್ದ ಹಾಗೆ.

ಅದೇ ಕಾಲಕ್ಕೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಮುಂದೆ 1815ರಲ್ಲಿ ಇವನೇ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಇವನ ಜೊತೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಎಂಬ ಸಹೋದರರಿದ್ದರು. ಇವರು ಊರೂರಿನ ಜನರನ್ನು ಮಾತಾಡಿಸಿ, ಶಾಸನ, ಕಡತ, ದಂತಕಥೆ ಎಲ್ಲ ಕಲೆಹಾಕಿದರು.

ಆ ನಕ್ಷೆ ನಮಗಾಗಿ ಮಾಡಿದ್ದಲ್ಲ. ದಂಡು ಸಾಗಿಸಲು, ಕಂದಾಯ ಎತ್ತಲು ಮಾಡಿದ್ದು. ಆದರೆ ಮಾಡುವವರು ಊರಿಗೆ ಬಂದು ಊರಿನವರನ್ನು ಕೇಳಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕ್ಲೀನರ್ ಎಂಬ ನಕ್ಷೆ

ಆಮೇಲೆ ಲಾರಿಗಳ ಕಾಲ ಬಂತು. ಸರ್ಕಾರದ ಸರ್ವೆ ನಕ್ಷೆ ಕಚೇರಿಯ ಬೀರುವಿನಲ್ಲೇ ಉಳಿಯಿತು. ಡ್ರೈವರಿಗೆ ದಾರಿ ತೋರಿಸಿದ್ದು ಮೈಲುಗಲ್ಲು, ಡಾಬಾ, ಟೀ ಅಂಗಡಿ ಮತ್ತು ಕ್ಲೀನರ್. ಕ್ಲೀನರ್ ಇಳಿದು ಹೋಗಿ ಕೇಳುತ್ತಿದ್ದ: ‘ಅಣ್ಣಾ, ಈ ಕಡೆ ಲೋಡು ಗಾಡಿ ಹೋಗುತ್ತಾ?’

ಆ ಪ್ರಶ್ನೆಯನ್ನೇ ಸ್ವಲ್ಪ ಗಮನಿಸಿ. ಅವನು ಬರೀ ದಾರಿ ಕೇಳುತ್ತಿರಲಿಲ್ಲ, ಲೋಡು ಗಾಡಿಯ ದಾರಿ ಕೇಳುತ್ತಿದ್ದ. ಉತ್ತರವೂ ಹಾಗೇ ಇರುತ್ತಿತ್ತು: ಕೆರೆ ಏರಿ ಮೇಲೆ ಹೋಗಬೇಡ, ಮಳೆಗೆ ಕುಸಿದಿದೆ. ಇವತ್ತು ಸಂತೆ, ಊರೊಳಗೆ ನುಗ್ಗಬೇಡ. ದೇವಸ್ಥಾನದ ಹತ್ತಿರ ಕರೆಂಟ್ ತಂತಿ ಕೆಳಗಿದೆ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇಲ್ಲ. ಅವನ ಜಾಗದಲ್ಲಿ ಫೋನಿನ ಸ್ಟ್ಯಾಂಡ್ ಇದೆ.

ಆಕಾಶದಿಂದ ಬಂದ ದಾರಿ

ಜಿಪಿಎಸ್ ಕೂಡ ಹುಟ್ಟಿದ್ದು ದಂಡಿಗಾಗಿಯೇ. ಅಮೆರಿಕದ ರಕ್ಷಣಾ ಇಲಾಖೆ 1973ರಲ್ಲಿ ಯೋಜನೆ ಶುರುಮಾಡಿತು. 1978ರಲ್ಲಿ ಮೊದಲ ಉಪಗ್ರಹ ಹಾರಿತು. 1983ರಲ್ಲಿ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿದರು. ಅದರಲ್ಲಿದ್ದ 269 ಜನರೂ ಸತ್ತರು. ಆಮೇಲೆ ಅಮೆರಿಕ ಈ ವ್ಯವಸ್ಥೆಯನ್ನು ಜನಸಾಮಾನ್ಯರಿಗೂ ಬಿಡುವುದಾಗಿ ಘೋಷಿಸಿತು. ಆದರೂ ಬೇಕೆಂದೇ ಸುಮಾರು 100 ಮೀಟರ್ ತಪ್ಪು ಬೆರೆಸಿ ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಆ ಬೆರಕೆ ನಿಲ್ಲಿಸಿದರು. ನಮ್ಮ ಇಸ್ರೊ 2013ರಿಂದ ತನ್ನದೇ ಉಪಗ್ರಹಗಳನ್ನು ಹಾರಿಸಿತು, 2016ರಲ್ಲಿ ಅದಕ್ಕೆ ನಾವಿಕ್ ಎಂದು ಹೆಸರಾಯಿತು.

ಇವತ್ತು ಬಯಲಿನಲ್ಲಿ ನಿಂತರೆ ಫೋನು ನೀವಿರುವ ಜಾಗವನ್ನು ಐದು ಮೀಟರ್ ಆಚೀಚೆ ಹೇಳುತ್ತದೆ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನಿಂದ ಐದು ಮೀಟರ್ ಅಂದರೆ ದೊಡ್ಡ ಸಾಧನೆಯೇ. ಆದರೆ ಹೆದ್ದಾರಿಗೂ ಅದರ ಸರ್ವಿಸ್ ರೋಡಿಗೂ ನಡುವಿನ ಅಂತರವೂ ಹೆಚ್ಚೇನಲ್ಲ. ಎರಡರಲ್ಲಿ ಯಾವುದರ ಮೇಲಿದ್ದೀರಿ ಅಂತ ಫೋನಿಗೆ ಅನುಮಾನ ಬರುವುದು ಅದಕ್ಕೇ. ಕಾರು ಮುಂದೆ ಎಲ್ಲೋ ತಿರುಗಿಸಿಕೊಳ್ಳುತ್ತದೆ. ಟ್ರೇಲರ್ ತಿರುಗಿಸಲು ಜಾಗ ಬೇಕು, ಜಾಗ ಸಿಗುವವರೆಗೆ ಡೀಸೆಲ್ ಸುಡಬೇಕು.

ಜಾಗ ಸರಿ, ದಾರಿ ತಪ್ಪು

ಇಲ್ಲಿ ಎರಡು ವಿಷಯ ಬೇರೆ ಮಾಡಿ ನೋಡಬೇಕು. ನೀವು ಎಲ್ಲಿದ್ದೀರಿ ಅಂತ ಹೇಳುವುದು ಉಪಗ್ರಹ. ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳುವುದು ನಕ್ಷೆ ಮತ್ತು ಲೆಕ್ಕ. ಪ್ರತಿ ರಸ್ತೆಯ ತುಂಡಿಗೂ ಇಷ್ಟು ನಿಮಿಷ ಅಂತ ಬೆಲೆ ಕಟ್ಟಿ, ಕಡಿಮೆ ಹೊತ್ತಿನ ದಾರಿ ಹುಡುಕುವುದು ಆ ಲೆಕ್ಕ. ಇದರ ಮೂಲಸೂತ್ರ ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1959ರಲ್ಲಿ ಪ್ರಕಟಿಸಿದ್ದು. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಆ ನಿಮಿಷಗಳು ಯಾವ ಗಾಡಿಯವು?

ನಮ್ಮವರು ಹೆಚ್ಚಾಗಿ ಬಳಸುವ ಗೂಗಲ್ ಮ್ಯಾಪ್ಸ್‌ನಲ್ಲಿ ಕಾರು, ಬೈಕು, ಬಸ್ಸು, ನಡಿಗೆಗೆ ದಾರಿ ಇದೆ. ಲಾರಿಗೆ ಅಂತ ಬೇರೆ ಗುಂಡಿ ಇಲ್ಲ. 2024ರಲ್ಲಿ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ಇಕ್ಕಟ್ಟಾದ ರಸ್ತೆ ತಪ್ಪಿಸುವ ಸೌಲಭ್ಯ ತಂದರು, ಅದೂ ಕಾರಿನವರಿಗೆ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ತೂಕದ ಮಿತಿ ಏರಿಸಿ, ಹತ್ತು ಚಕ್ರದ ಲಾರಿಗೆ 25 ಟನ್ ಇದ್ದದ್ದನ್ನು 28.5 ಟನ್ ಮಾಡಿತು. ಕಂಟೇನರ್ ಹೊತ್ತ ಟ್ರೇಲರಿನ ಎತ್ತರ ನಾಲ್ಕು ಮೀಟರ್ ಮೀರುತ್ತದೆ. ಕಾರಿನ ನಕ್ಷೆಗೆ ಈ ತೂಕವೂ ಗೊತ್ತಿಲ್ಲ, ಈ ಎತ್ತರವೂ ಗೊತ್ತಿಲ್ಲ. ಎತ್ತರ, ತೂಕ ಕೇಳಿ ದಾರಿ ಹೇಳುವ ನಕ್ಷೆಗಳು ಬಂದಿವೆ. ಆದರೆ ನಮ್ಮೂರ ಸೇತುವೆ ಎಷ್ಟು ತೂಕ ತಡೆಯುತ್ತದೆ ಅಂತ ಯಾರಾದರೂ ಅದರೊಳಗೆ ಬರೆದಿದ್ದರೆ ತಾನೆ?

ಸಣ್ಣ ಗಾಡಿಗಳಿಗೇ ಆದದ್ದು ನೋಡಿ. 2024ರ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯ ಕುತ್ತಿಕೋಲ್ ಬಳಿ ಮ್ಯಾಪ್ ನಂಬಿ ಹೋದ ಇಬ್ಬರು ಯುವಕರ ಕಾರು ತುಂಬಿದ ಹೊಳೆಗೆ ಇಳಿಯಿತು. ಅವರು ಮರ ಹಿಡಿದು ಬದುಕಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಅರ್ಧಕ್ಕೆ ನಿಂತ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಎರಡೂ ಕಡೆ ಉಪಗ್ರಹ ಸರಿಯಾಗೇ ಇತ್ತು. ಮುಂದೆ ನೀರಿದೆ, ಮುಂದೆ ಸೇತುವೆ ಇಲ್ಲ ಎಂಬ ಸುದ್ದಿ ಊರಿನವರಿಗೆ ಗೊತ್ತಿತ್ತು, ನಕ್ಷೆಗೆ ಗೊತ್ತಿರಲಿಲ್ಲ.

ಕೇಳುವವರು ಇಲ್ಲದಿದ್ದರೆ ಹೇಳುವವರಾಗೋಣ

ಮೆಕೆಂಜಿಯ ಕಾಲದಲ್ಲಿ ನಕ್ಷೆಯವರು ಊರಿಗೆ ಬಂದು ಕೇಳಿದರು. ಕ್ಲೀನರ್ ಇದ್ದ ಕಾಲದಲ್ಲಿ ಲಾರಿಯವರು ಇಳಿದು ಕೇಳಿದರು. ಈಗ ಇಬ್ಬರೂ ಕೇಳುತ್ತಿಲ್ಲ. ದೇವನಹಳ್ಳಿ ಕಡೆಯಿಂದ ವಿಜಯಪುರ ದಾಟಿ ಎಚ್. ಕ್ರಾಸ್, ವೇಮಗಲ್ ಕಡೆಗೆ ಹಗಲೂ ರಾತ್ರಿ ಲಾರಿ ಓಡುವ ಈ ಸೀಮೆಯಲ್ಲಿ ಅದರ ಏಟು ಬೀಳುವುದು ಡ್ರೈವರ್ ಮೇಲೆ ಮಾತ್ರ ಅಲ್ಲ. ದಾರಿ ತಪ್ಪಿದ ಟ್ರೇಲರ್ ಹಳ್ಳಿಯೊಳಗೆ ಬಂದರೆ ಹರಿಯುವುದು ನಮ್ಮ ತಂತಿ, ಒಡೆಯುವುದು ನಮ್ಮ ಚರಂಡಿ ಚಪ್ಪಡಿ.

ಹಾಗಾಗಿ ನಮ್ಮ ಕೈಲಾಗುವುದು ಮಾಡೋಣ. ಲೋಡು ತರಿಸುವವರು ಊರಿನ ಹೆಸರಿನ ಜೊತೆ ತಾಲ್ಲೂಕು, ಪಿನ್ ಕೋಡ್ ಹೇಳಿ. ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿದರೆ ಸಾಲದು, ಯಾವ ಕಡೆಯಿಂದ ದೊಡ್ಡ ಗಾಡಿ ಬರಬಹುದು ಅಂತ ಒಂದು ಧ್ವನಿ ಸಂದೇಶವನ್ನೂ ಕಳಿಸಿ. ರಸ್ತೆ ಮುಚ್ಚಿದ್ದರೆ, ದಾರಿ ತಪ್ಪಾಗಿದ್ದರೆ ಮ್ಯಾಪ್‌ನಲ್ಲೇ ದೂರು ಕೊಡುವ ಜಾಗ ಇದೆ, ಕಾಲೇಜಿಗೆ ಹೋಗುವ ಮಕ್ಕಳಿಂದ ಹಾಕಿಸಿ. ಪಂಚಾಯ್ತಿಯವರು ಏರಿ ರಸ್ತೆಯ ಎರಡೂ ಬಾಯಲ್ಲಿ ‘ಭಾರಿ ವಾಹನ ಇಲ್ಲ’ ಎಂಬ ಬೋರ್ಡ್ ನೆಡಿಸಲಿ, ಕನ್ನಡದ ಜೊತೆ ಲಾರಿಯ ಚಿತ್ರವೂ ಇರಲಿ. ರಾಜಸ್ಥಾನದ ಡ್ರೈವರಿಗೂ ಚಿತ್ರ ಅರ್ಥವಾಗುತ್ತದೆ.

ಮತ್ತೆ ಯಾರಾದರೂ ಲಾರಿ ನಿಲ್ಲಿಸಿ ಫೋನು ಚಾಚಿ ‘ವಿಜಯಪುರ?’ ಅಂತ ಕೇಳಿದರೆ ಕೈ ತೋರಿಸಿ ಸುಮ್ಮನಾಗಬೇಡಿ. ಯಾವ ವಿಜಯಪುರ, ಎಷ್ಟು ಟನ್ ಅಂತ ನೀವೇ ಕೇಳಿ.