ಜವಾಬಿಗೆ ಜವಾಬು ಬೇಡ

ನಮ್ಮ ದೇಶಕ್ಕೆ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಆಮೇಲೆ ಬಂದ ರಿಪ್ಲೈ ಕಾರ್ಡನ್ನು ಕಂಡ ಹಿರಿಯರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈಗಲೂ ಸಿಕ್ಕಾರು. ಮಂಡಿಗೆ ಬರೆದು ಕೊಬ್ಬರಿಯ ಧಾರಣೆ ಕೇಳಿದರೆ, ಜೊತೆಗೇ ಅಂಟಿಕೊಂಡ ಇನ್ನೊಂದು ಖಾಲಿ ಕಾರ್ಡು ಹೋಗುತ್ತಿತ್ತು. ಮಂಡಿಯವರು ಅದನ್ನು ಹರಿದು, ಧಾರಣೆ ಬರೆದು ಅಂಚೆಗೆ ಹಾಕಿದರೆ ಮುಗಿಯಿತು. ಹಾಗೆ ಬಂದ ಜವಾಬಿಗೆ ಮತ್ತೊಂದು ಖಾಲಿ ಕಾರ್ಡು ಅಂಟಿರುತ್ತಿರಲಿಲ್ಲ.

ಇ-ಮೇಲ್‌ಗೆ ಈ ಸರಳ ಕಟ್ಟು ತಾನಾಗಿ ಬರಲಿಲ್ಲ. ಊಹಿಸಿಕೊಳ್ಳಿ: ಹಬ್ಬಕ್ಕೆ ಮಂಡಿ ಮುಚ್ಚಿದೆ, ಬಂದ ಪತ್ರಕ್ಕೆಲ್ಲ ‘ಸೋಮವಾರ ಸಿಗುತ್ತೇವೆ’ ಎಂದು ಕಂಪ್ಯೂಟರೇ ಉತ್ತರಿಸುತ್ತದೆ. ಕೊಳ್ಳುವವರ ಕಚೇರಿಯಲ್ಲೂ ಅಂಥದೇ ಏರ್ಪಾಡು. ಒಂದರ ಉತ್ತರಕ್ಕೆ ಇನ್ನೊಂದು ಉತ್ತರಿಸುತ್ತ, ಬೆಳಗಾಗುವುದರೊಳಗೆ ಸಾವಿರಾರು ಪತ್ರಗಳು. ಪೆಟ್ಟಿಗೆ ತುಂಬಿತು, ‘ಲೋಡು ಕಳಿಸಲೇ?’ ಎಂದು ಕೇಳಿದ ರೈತನ ಪತ್ರ ಒಳಗೆ ಜಾಗವಿಲ್ಲದೆ ವಾಪಸಾಯಿತು. ನಷ್ಟ ಅವನದು.

ಈ ಅಪಾಯವನ್ನು ಹಿರಿಯ ತಂತ್ರಜ್ಞರು ಬೇಗನೇ ಕಂಡಿದ್ದರು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಅಂಚೆ ನಿಯಮಾವಳಿಯಲ್ಲೇ, ‘ಪತ್ರ ತಲುಪಲಿಲ್ಲ’ ಎಂಬ ಸೂಚನೆಯನ್ನು ಕಳಿಸುವಾಗ ಕಳಿಸಿದವರ ವಿಳಾಸವನ್ನು ಖಾಲಿ ಬಿಡುವ ಉಪಾಯವಿದೆ. ವಾಪಸು ಕಳಿಸಲು ವಿಳಾಸವೇ ಇಲ್ಲದಿದ್ದರೆ ಸುತ್ತು ಹೇಗೆ ಬಿದ್ದೀತು? ಬರ್ಕ್ಲಿ ವಿಶ್ವವಿದ್ಯಾಲಯದ ಎರಿಕ್ ಆಲ್ಮನ್ ಬರೆದ ‘ವೆಕೇಷನ್’ ಎಂಬ ಪುಟ್ಟ ಪ್ರೋಗ್ರಾಂ ಇನ್ನೊಂದು ದಾರಿ ಹಿಡಿಯಿತು. ಯಾರಿಗೆ ಉತ್ತರಿಸಿದೆನೆಂದು ಅದು ಪಟ್ಟಿ ಇಟ್ಟುಕೊಂಡು, ಒಬ್ಬರಿಗೆ ವಾರಕ್ಕೆ ಒಂದೇ ಜವಾಬು ಕೊಡುತ್ತಿತ್ತು. ಹಲವರಿಗೆ ಒಟ್ಟಿಗೆ ಕಳಿಸಿದ ಸುತ್ತೋಲೆ ಎಂಬ ಗುರುತಿದ್ದರೆ ಸುಮ್ಮನಿರುತ್ತಿತ್ತು. ಇಬ್ಬರಲ್ಲಿ ಒಬ್ಬರಿಗೆ ಈ ನೆನಪಿದ್ದರೂ ಸಾಕು, ಸುತ್ತು ಕಡಿಯುತ್ತದೆ. ನನಗೆ ಈ ಉಪಾಯವೇ ಹೆಚ್ಚು ಮೆಚ್ಚುಗೆ. ನಮ್ಮ ಮಂಡಿಯ ಗುಮಾಸ್ತರೂ ಖಾತೆ ನೋಡದೆ ಎರಡನೇ ಕಾಗದ ಬರೆಯುತ್ತಿರಲಿಲ್ಲ.

ಆದರೆ ನೆನಪೂ ಸೋಲುವುದುಂಟು. ಪ್ರತಿ ದೂರಿಗೂ ಹೊಸ ಸಂಖ್ಯೆ, ಹೊಸ ವಿಳಾಸ ಕೊಡುವ ಯಂತ್ರ ಎದುರಿಗಿದ್ದರೆ, ಪಟ್ಟಿಗೆ ಪ್ರತಿ ಸಲವೂ ಹೊಸಬರೇ ಬಂದಂತೆ ಕಾಣುತ್ತದೆ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟಿನಲ್ಲಿ, ವಿಎಸ್‌ಎನ್‌ಎಲ್ ಮೂಲಕ. ಅದಾಗಿ ಒಂಬತ್ತು ವರ್ಷಕ್ಕೆ, 2004ರಲ್ಲಿ, ಕೀತ್ ಮೂರ್ ಬರೆದ ಆರ್‌ಎಫ್‌ಸಿ 3834 ಈ ತೊಡಕಿಗೂ ಕ್ರಮ ಹೇಳಿತು: ಯಂತ್ರ ಕಳಿಸುವ ಉತ್ತರದ ಮೇಲೆ ‘ಆಟೋ-ಸಬ್‌ಮಿಟೆಡ್’ ಎಂಬ ಗುರುತಿರಬೇಕು, ಆ ಗುರುತು ಕಂಡ ಇನ್ನೊಂದು ಯಂತ್ರ ಉತ್ತರಿಸಬಾರದು. ಸರ್ವರ್ ನೋಡಿಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. ಪತ್ರ ಓದುವವರ ಕಣ್ಣಿಗೆ ಈ ಸಾಲು ಬೀಳುವುದಿಲ್ಲ. ಪತ್ರದ ತಲೆಭಾಗವನ್ನು ತೆರೆದು ನೋಡಿದವರಿಗೆ ಮಾತ್ರ ಕಾಣುತ್ತದೆ.