ಜಿನನ ಬದಿಯಲ್ಲಿ ದೇವಿಯ ಸ್ಥಾನ: ಒಂದು ಚಾರಿತ್ರಿಕ ಅವಲೋಕನ



ನಮ್ಮೂರ ಬಸದಿಯ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ ಭಗವಾನ್ ಪಾರ್ಶ್ವನಾಥ ಸ್ವಾಮಿಯ ನೂತನ ಬಿಂಬದೊಡನೆ ಪದ್ಮಾವತೀ ಅಮ್ಮನವರ ಮೂರ್ತಿಯೂ ಪ್ರತಿಷ್ಠೆಗೊಳ್ಳುತ್ತಿರುವುದು ನಮ್ಮೆಲ್ಲರ ಪುಣ್ಯೋದಯವೆಂದೇ ಹೇಳಬೇಕು. ಸ್ಮರಣಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಹಿಂಜರಿದೆನು. ನಾನು ಶಾಸ್ತ್ರಪಂಡಿತನಲ್ಲ, ಮೆಟ್ರಿಕ್ ಮುಗಿಸಿ ತಂದೆಯವರ ಅಂಗಡಿಯ ತಕ್ಕಡಿಯನ್ನು ಹಿಡಿದವನು. ಆದಾಗ್ಯೂ ಕೆಲವು ಕಾಲದಿಂದ ಮನಸ್ಸನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನು ಬಲ್ಲವರ ಮುಂದಿಡಲು ಇದೇ ತಕ್ಕ ಸಮಯವೆಂದು ಭಾವಿಸಿ ಲೇಖನಿಯನ್ನು ಕೈಗೆತ್ತಿಕೊಂಡಿದ್ದೇನೆ.

ಆ ಪ್ರಶ್ನೆ ಬಂದುದು ದೂರದ ಇಂಗ್ಲೆಂಡಿನಿಂದ. ಅಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗಳು ಒಮ್ಮೆ ದೂರವಾಣಿಯಲ್ಲಿ ಮಾತನಾಡುತ್ತ, ತನ್ನೊಡನೆ ಕೆಲಸ ಮಾಡುವ ಆಂಗ್ಲ ಮಹಿಳೆಯೊಬ್ಬಳು ಮನೆಯಲ್ಲಿ ದೇವಿಯ ಪೀಠವನ್ನಿಟ್ಟು ದೀಪ ಹಚ್ಚುವಳೆಂದೂ, ತನ್ನನ್ನು ಪೇಗನ್ ಎಂದು ಕರೆದುಕೊಳ್ಳುವಳೆಂದೂ ತಿಳಿಸಿದಳು. ಮಗುವಿನ ಮೇಜಿನ ಮೇಲಿದ್ದ ಪದ್ಮಾವತಿಯ ಚಿತ್ರವನ್ನು ಕಂಡು ಆಕೆ, “ನೀವೂ ದೇವಿಯನ್ನು ಪೂಜಿಸುವವರೇ? ಹಾಗಾದರೆ ನೀವೂ ನಾವೂ ಒಂದೇ ಅಲ್ಲವೇ?” ಎಂದು ಕೇಳಿದಳಂತೆ. “ಏನು ಉತ್ತರ ಹೇಳಲಿ, ಚಿಕ್ಕಪ್ಪ?” ಎಂದು ಮಗು ನನ್ನನ್ನು ಕೇಳಿತು. ಅಂದು ನನ್ನ ಬಳಿ ಉತ್ತರವಿರಲಿಲ್ಲ. ತರುವಾಯ ಓದಿ, ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಆ ಮಹಿಳೆಯ ಪಂಥದ ಮಾತು. ಪೇಗನ್ ಎಂಬುದು ಲ್ಯಾಟಿನ್ ಮೂಲದ ಶಬ್ದ. ಹಳ್ಳಿಗ ಎಂಬುದು ಅದರ ಹಳೆಯ ಅರ್ಥಗಳಲ್ಲೊಂದು. ರೋಮನ್ ಸಾಮ್ರಾಜ್ಯವು ಕ್ರೈಸ್ತಮತವನ್ನು ಸ್ವೀಕರಿಸಿದ ಮೇಲೆ ಹಳೆಯ ದೇವದೇವಿಯರನ್ನು ಬಿಡದಿದ್ದವರಿಗೆ ಈ ಹೆಸರು ಅಂಟಿಕೊಂಡಿತು. ಕ್ರಿ.ಶ. 391 ಮತ್ತು 392ರಲ್ಲಿ ಚಕ್ರವರ್ತಿ ಥಿಯೊಡೋಸಿಯಸನು ಶಾಸನಗಳನ್ನು ಹೊರಡಿಸಿ ಹಳೆಯ ದೇವಾಲಯಗಳ ಪೂಜೆಯನ್ನು ನಿಷೇಧಿಸಿದನು. ಈಜಿಪ್ಟ್ ದೇಶದ ಫಿಲೆ ದ್ವೀಪದಲ್ಲಿದ್ದ ಐಸಿಸ್ ದೇವಿಯ ಆಲಯವು ಮಾತ್ರ ಬಹುಕಾಲ ಉಳಿದುಕೊಂಡಿದ್ದಿತು. 6ನೆಯ ಶತಮಾನದಲ್ಲಿ ಜಸ್ಟೀನಿಯನ್ ಚಕ್ರವರ್ತಿಯ ಕಾಲದಲ್ಲಿ ಅದರ ಬಾಗಿಲೂ ಮುಚ್ಚಿತು. ಅಥೆನ್ಸಿನಲ್ಲಿ ಅಥೀನಾ ದೇವಿಯ ಮಹಾಮಂದಿರವು ಇಗರ್ಜಿಯಾಯಿತು. ಹೀಗೆ ದೇವಿಗೆ ಆ ನಾಡುಗಳಲ್ಲಿ ನಿಲ್ಲಲು ಸ್ಥಳವಿಲ್ಲದಾಯಿತು.

ಸಾವಿರದ ನಾನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ ಇಂಗ್ಲೆಂಡಿನಲ್ಲಿ ಈ ಪೂಜೆಗೆ ಹೊಸ ಹುಟ್ಟು ಬಂದಿತು. ಅಲ್ಲಿ 1735ರ ಮಾಟನಿಷೇಧ ಕಾಯಿದೆಯು 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್‌ನರ್ ಎಂಬವರು ಒಂದು ಗ್ರಂಥವನ್ನು ಪ್ರಕಟಿಸಿ, ಹಳೆಯ ದೇವೀಪಂಥವೊಂದು ಗುಪ್ತವಾಗಿ ಉಳಿದು ಬಂದಿದೆಯೆಂದು ಸಾರಿದರು. ಇದೇ ಮುಂದೆ ವಿಕ್ಕಾ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಈ ಪಂಥದವರು ಪ್ರಕೃತಿಯನ್ನೇ ಪವಿತ್ರವೆಂದು ಭಾವಿಸುವರು. ದೇವಿ ಹಾಗೂ ಆಕೆಯ ಜೊತೆಯ ದೇವ ಇಬ್ಬರನ್ನೂ ಆರಾಧಿಸುವರು. ಕನ್ಯೆ, ತಾಯಿ, ಮುದುಕಿ ಎಂದು ಚಂದ್ರನ ಕಳೆಗಳಂತೆ ದೇವಿಗೆ ಮೂರು ರೂಪಗಳನ್ನು ಹೇಳುವವರೂ ಅವರಲ್ಲಿ ಅನೇಕರುಂಟು. ಹುಣ್ಣಿಮೆಯ ರಾತ್ರಿ ವೃತ್ತಾಕಾರವಾಗಿ ನಿಂತು ಪೂಜಿಸುವರು; ರೊಟ್ಟಿ, ದ್ರಾಕ್ಷಾರಸಗಳನ್ನು ಅರ್ಪಿಸುವರು. ಎರಡು ಅಯನಗಳು, ಎರಡು ವಿಷುವಗಳು, ಅವುಗಳ ನಡುವಣ ನಾಲ್ಕು ದಿನಗಳು ಸೇರಿ ವರ್ಷದಲ್ಲಿ ಎಂಟು ಹಬ್ಬಗಳು. ಯಾರಿಗೂ ಕೇಡಾಗದಂತೆ ನಡೆಯಬೇಕೆಂಬುದು ಅವರ ಮುಖ್ಯ ನೀತಿಯೆಂದು ತಿಳಿದಾಗ ಅಹಿಂಸಾಧರ್ಮದವನಾದ ನನಗೆ ಸಂತೋಷವೇ ಆಯಿತು.

ಅಮೆರಿಕೆಯಲ್ಲಿ 1970ರ ದಶಕದಲ್ಲಿ ಮಹಿಳಾ ಚಳವಳಿಯೊಡನೆ ಈ ದೇವೀಪೂಜೆ ಬೆರೆತು ಬೆಳೆಯಿತು. ಪುರುಷರೂಪದ ದೇವರೊಬ್ಬನನ್ನೇ ಕೇಳುತ್ತ ಬೆಳೆದ ಸ್ತ್ರೀಯರಿಗೆ ತಮ್ಮದೇ ರೂಪದ ದೈವವೊಂದು ಬೇಕೆನಿಸಿದುದು ಸಹಜವೇ ಸರಿ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 74,000 ಜನರು ತಾವು ಪೇಗನ್ ಎಂದೂ, ಸುಮಾರು 13,000 ಜನರು ತಾವು ವಿಕ್ಕಾ ಎಂದೂ ಬರೆಸಿದ್ದಾರೆ. ಅದೇ ಗಣತಿಯಲ್ಲಿ ಜೈನರೆಂದು ಬರೆಸಿದವರು ಸುಮಾರು 25,000 ಜನರು.

ಆದರೆ ಚರಿತ್ರಕಾರರು ಈ ಪಂಥದ ಮೂಲವನ್ನು ಶೋಧಿಸಿ ನೋಡಿದಾಗ ಮಧ್ಯದ ಕೊಂಡಿಗಳು ದೊರೆಯಲಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ ಅವರು 1999ರಲ್ಲಿ ಪ್ರಕಟಿಸಿದ ಸಂಶೋಧನಾಗ್ರಂಥದಲ್ಲಿ, ಇದು ಹಳೆಯದರ ಅವಿಚ್ಛಿನ್ನ ಮುಂದುವರಿಕೆಯಲ್ಲ, ಕವಿಗಳ, ವಿದ್ವಾಂಸರ, ಗುಪ್ತಸಂಘಗಳ ವಿಚಾರಗಳಿಂದ ಆಧುನಿಕ ಕಾಲದಲ್ಲಿ ಕಟ್ಟಿದ ಹೊಸ ಧರ್ಮವೆಂದು ತೋರಿಸಿದರು. ಹೊಸದೆಂದ ಮಾತ್ರಕ್ಕೆ ಅದು ಹೀನವಲ್ಲ. ಅವರಲ್ಲಿಯೇ ಅನೇಕರು ಇದನ್ನು ಒಪ್ಪಿಕೊಂಡಿದ್ದಾರೆ. ಆದರೆ ದೀಪವೊಂದು ಆರಿಹೋದ ಮೇಲೆ ಮತ್ತೆ ಹಚ್ಚುವುದಕ್ಕೂ, ಉರಿಯುತ್ತಿರುವ ದೀಪಕ್ಕೆ ಎಣ್ಣೆ ಎರೆಯುತ್ತ ಬರುವುದಕ್ಕೂ ಅಂತರವುಂಟು.

ಇನ್ನು ನಮ್ಮ ಕಡೆಗೆ ತಿರುಗೋಣ. ನಮ್ಮಲ್ಲಿ ದೇವಿಯ ದೀಪ ಆರಲಿಲ್ಲವೇಕೆ? ನನ್ನ ಅಲ್ಪಮತಿಗೆ ತೋರಿದ ಉತ್ತರವಿದು: ನಮ್ಮ ಆಚಾರ್ಯರು ದೇವಿಯನ್ನು ಹೊರಗಟ್ಟಲಿಲ್ಲ, ಜಿನನ ಪೀಠದಲ್ಲಿಯೂ ಕೂರಿಸಲಿಲ್ಲ, ಅವಳಿಗೆ ತಕ್ಕ ಸ್ಥಾನವೊಂದನ್ನು ಕೊಟ್ಟರು.

ಇಪ್ಪತ್ತನಾಲ್ವರು ತೀರ್ಥಂಕರರಿಗೂ ಒಬ್ಬೊಬ್ಬ ಯಕ್ಷ, ಒಬ್ಬೊಬ್ಬ ಯಕ್ಷಿ ಶಾಸನದೇವತೆಗಳಾಗಿರುವುದು ಎಲ್ಲರಿಗೂ ವಿದಿತವೇ. ಆದಿನಾಥರಿಗೆ ಚಕ್ರೇಶ್ವರಿ, ಚಂದ್ರಪ್ರಭರಿಗೆ ಜ್ವಾಲಾಮಾಲಿನಿ, ನೇಮಿನಾಥರಿಗೆ ಕೂಷ್ಮಾಂಡಿನಿ, ಪಾರ್ಶ್ವನಾಥರಿಗೆ ಪದ್ಮಾವತಿ, ವರ್ಧಮಾನರಿಗೆ ಸಿದ್ಧಾಯಿಕೆ. ಇವರಾರೂ ಲೋಕವನ್ನು ಸೃಷ್ಟಿಸಿದವರಲ್ಲ. ಇವರೂ ಸಂಸಾರದೊಳಗಿನ ಜೀವರೇ. ಇವರಿಗೂ ಆಯುಷ್ಯದ ಮಿತಿಯುಂಟು. ಮೋಕ್ಷಕ್ಕೆ ಇವರೂ ಮನುಷ್ಯಜನ್ಮವನ್ನು ಪಡೆದೇ ತೀರಬೇಕು. ಕೂಷ್ಮಾಂಡಿನಿಯ ಪೂರ್ವಕಥೆಯನ್ನು ನೋಡಿರಿ. ಅವಳು ಮುನಿಗಳಿಗೆ ಆಹಾರದಾನ ಮಾಡಿದ ತಪ್ಪಿಗೆ ಗಂಡನ ಕೋಪಕ್ಕೆ ಗುರಿಯಾಗಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಗಿರ್ನಾರಿನ ಕಡೆಗೆ ನಡೆದ ಒಬ್ಬ ಗೃಹಿಣಿ. ಆದುದರಿಂದಲೇ ಅವಳ ಶಿಲ್ಪದಲ್ಲಿ ಮಾವಿನ ಗೊಂಚಲೂ ಮಗುವೂ ಇರುತ್ತವೆ. ಪದ್ಮಾವತೀ ಧರಣೇಂದ್ರರೋ, ಉರಿಯುವ ಕೊರಡಿನೊಳಗೆ ಸಿಕ್ಕಿದ್ದ ಸರ್ಪಗಳು; ಪಾರ್ಶ್ವಕುಮಾರನ ಕರುಣೆಯಿಂದ ಸದ್ಗತಿಯನ್ನು ಪಡೆದು, ಕಮಠನ ಉಪಸರ್ಗದ ಕಾಲದಲ್ಲಿ ಆ ಋಣವನ್ನು ನೆನೆದು ಹೆಡೆಯೆತ್ತಿ ನಿಂತವರು. ನಾವು ಕೈಮುಗಿಯುವ ದೇವಿ ಸ್ವತಃ ಜಿನನಿಗೆ ಕೈಮುಗಿದವಳು ಎಂಬುದನ್ನು ಮರೆಯಬಾರದು.

ಚರಿತ್ರೆಯ ಸಾಕ್ಷ್ಯಗಳೂ ಹೇರಳವಾಗಿವೆ. ಐಹೊಳೆಯ ಮೇಗುಟಿ ಬಸದಿಯನ್ನು ಇಮ್ಮಡಿ ಪುಲಿಕೇಶಿಯ ಆಶ್ರಿತನಾದ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಕಟ್ಟಿಸಿದನು. ಆ ಬಸದಿಗೆ ಸೇರಿದ ಅಂಬಿಕೆಯ ಭವ್ಯಶಿಲ್ಪವು ಇಂದಿಗೂ ಐಹೊಳೆಯಲ್ಲಿ ಸಂರಕ್ಷಿತವಾಗಿದೆ. ಐಸಿಸ್ ದೇವಿಯ ಕೊನೆಯ ಆಲಯ ಮುಚ್ಚಿದ ಸುಮಾರು ನೂರು ವರ್ಷಗಳಿಗೆ ನಮ್ಮ ನಾಡಿನ ಶಿಲ್ಪಿ ಅಂಬಿಕೆಯನ್ನು ಕಡೆಯುತ್ತಿದ್ದನೆಂಬುದು ವಿಚಾರಾರ್ಹ. ಕ್ರಿ.ಶ. 939ರಲ್ಲಿ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದಲ್ಲಿ ಇಂದ್ರನಂದಿ ಮುನಿಗಳು ಜ್ವಾಲಾಮಾಲಿನೀ ಕಲ್ಪವನ್ನು ರಚಿಸಿದರು. 11ನೆಯ ಶತಮಾನದಲ್ಲಿ ಮಲ್ಲಿಷೇಣಸೂರಿಗಳು ಭೈರವ ಪದ್ಮಾವತೀ ಕಲ್ಪವನ್ನು ಬರೆದರು.

ಹೊಂಬುಜದ ಸಾಂತರ ಅರಸರು ತಮ್ಮ ಶಾಸನಗಳಲ್ಲಿ ತಾವು ಪದ್ಮಾವತಿಯ ವರಪ್ರಸಾದವನ್ನು ಪಡೆದವರೆಂದು ಹೇಳಿಕೊಂಡಿದ್ದಾರೆ. ಜಿನದತ್ತರಾಯನು ಉತ್ತರ ಮಧುರೆಯಿಂದ ದೇವಿಯ ಮೂರ್ತಿಯೊಡನೆ ಬಂದು ಲಕ್ಕಿಮರದ ನೆರಳಿನಲ್ಲಿ ವಿಶ್ರಮಿಸಿದ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಅದೇ ಹೊಂಬುಜದಲ್ಲಿ 1077ರಲ್ಲಿ ಚಟ್ಟಲದೇವಿಯು ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕ. ಅಲ್ಲಿ ಗರ್ಭಗೃಹದಲ್ಲಿ ಪಾರ್ಶ್ವನಾಥರು. ಹೊರಗಣ ಸುಕನಾಸಿಯಲ್ಲಿ ಧರಣೇಂದ್ರ ಪದ್ಮಾವತಿಯರು. ಸ್ಥಾನವೆಂದು ನಾನು ಹೇಳುತ್ತಿರುವುದನ್ನು ಆ ತಾಯಿ ಕಲ್ಲಿನಲ್ಲಿಯೇ ತೋರಿಸಿಕೊಟ್ಟಿದ್ದಾಳೆ.

ರಕ್ತಬಲಿಯ ವಿಚಾರದಲ್ಲಿ ನಮ್ಮವರು ಎಂದೂ ರಾಜಿಯಾಗಲಿಲ್ಲ. ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿಯೂ, ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿಯೂ ಬರುವ ಕಥೆ ಯಾವುದು? ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಅರಸನು ಆ ಸಂಕಲ್ಪದ ಪಾಪದಿಂದಲೇ ಜನ್ಮಜನ್ಮಾಂತರಗಳಲ್ಲಿ ತೊಳಲಿದ ಕಥೆ. ನಮ್ಮ ಯಕ್ಷಿಯರಿಗೆ ಹೂವು, ಹಣ್ಣು, ಕುಂಕುಮ, ಸೀರೆ, ಬಳೆಗಳೇ ಸಾಕಾದುವು.

ಅದೇ ಸೋಮದೇವಸೂರಿಗಳು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿರುವರು. ಮೂರು ಲೋಕಗಳಿಗೂ ಕಣ್ಣಾದ ಜಿನದೇವನನ್ನೂ ವ್ಯಂತರಾದಿ ದೇವತೆಗಳನ್ನೂ ಪೂಜೆಯಲ್ಲಿ ಸಮಾನರೆಂದು ಕಾಣುವವನು ಅಧೋಗತಿಗೆ ಹೋಗುವನು. ಈ ದೇವತೆಗಳು ಶಾಸನದ ರಕ್ಷಣೆಗೆಂದು ನಿಯಮಿತರಾದುದರಿಂದ ಪೂಜೆಯ ಒಂದು ಅಂಶವನ್ನಿತ್ತು ಗೌರವಿಸತಕ್ಕವರು ಎಂಬುದು ಅವರ ಅಭಿಪ್ರಾಯ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ, ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಉಪಾಸಿಸುವುದನ್ನು ದೇವತಾಮೂಢತೆಯೆಂದೇ ಕರೆದಿರುವರು. ಇಂತಹ ವಚನಗಳನ್ನು ಮುಂದಿಟ್ಟುಕೊಂಡು ಉತ್ತರ ಭಾರತದಲ್ಲಿ 17ನೆಯ ಶತಮಾನದಲ್ಲಿ ಮೂಡಿದ ದಿಗಂಬರ ತೇರಾಪಂಥದ ಬಂಧುಗಳು ಯಕ್ಷಯಕ್ಷಿಯರ ಪೂಜೆಯನ್ನೇ ಬಿಟ್ಟರು. ನಮ್ಮ ದಕ್ಷಿಣದ ಪರಂಪರೆ ಬಿಡಲಿಲ್ಲ. ಅವರು ಬಿಟ್ಟುದಕ್ಕೆ ಕಾರಣವಿದೆ; ನಾವು ಉಳಿಸಿಕೊಂಡುದಕ್ಕೂ ಕಾರಣವಿರಬೇಕು. ಆ ಕಾರಣವನ್ನು ನಾವು ಅರಿಯದಿದ್ದರೆ ಅವರ ಆಕ್ಷೇಪಣೆಯೇ ನಿಜವಾಗುತ್ತದೆ.

ಅರಿಯದಿದ್ದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವನ್ನು ಹೇಳುವೆನು. ತೆಲಂಗಾಣದ ಹನಮಕೊಂಡದಲ್ಲಿ ಒಂದು ಗುಡ್ಡವಿದೆ. ಕಾಕತೀಯರ ಎರಡನೆಯ ಪ್ರೋಲನ ಕಾಲದಲ್ಲಿ, 1117ರಲ್ಲಿ, ಮಂತ್ರಿ ಬೇತನ ಪತ್ನಿ ಮೈಲಮೆಯು ಅಲ್ಲಿ ಕಡಲಾಲಯ ಬಸದಿಯನ್ನು ಕಟ್ಟಿಸಿದಳೆಂದು ಶಾಸನವು ಸಾರುತ್ತದೆ. ಬಂಡೆಯ ಮೇಲೆ ಕೊರೆದ ಜಿನಬಿಂಬಗಳು ಇಂದಿಗೂ ಇವೆ. ಆದರೆ ಇಂದು ಅದು ಪದ್ಮಾಕ್ಷಿ ಅಮ್ಮನವರ ಗುಡಿ. ಅಲ್ಲಿಗೆ ಬರುವ ಬಹುಪಾಲು ಭಕ್ತರು ಜೈನರಲ್ಲ. ಅವರ ಭಕ್ತಿಗೆ ನನ್ನ ನಮಸ್ಕಾರಗಳು. ಯೂರೋಪಿನಲ್ಲಿ ದೇವಿಯನ್ನು ಕಳೆದುಕೊಂಡರು. ಇಲ್ಲಿ ದೇವಿ ಉಳಿದಳು, ಅವಳು ಯಾರ ಬದಿಯಲ್ಲಿ ನಿಂತಿದ್ದಳೋ ಆ ಸ್ವಾಮಿಯ ಪೂಜೆ ಮರೆಯಾಯಿತು.

ಪರರ ಮಾತೇಕೆ? ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅಡಿಕೆ ವ್ಯಾಪಾರದಲ್ಲಿ ದೊಡ್ಡ ನಷ್ಟವಾಗಿ, ಸಾಲಗಾರರಿಗೆ ಮುಖ ತೋರಿಸಲಾರದೆ ಹೊಂಬುಜಕ್ಕೆ ಓಡಿದೆನು. ನೇರವಾಗಿ ಅಮ್ಮನವರ ಮುಂದೆ ಕುಳಿತು, ಹೂವಿನ ಪ್ರಸಾದ ಬಲಗಡೆಯಿಂದ ಬೀಳುವುದೇ ಎಂದು ಕಣ್ಣು ಕೀಳದೆ ನೋಡುತ್ತಿದ್ದೆನು. ಹೂವು ಬಿದ್ದಿತು. ಹರ್ಷದಿಂದ ಊರಿಗೆ ಮರಳಿದಾಗ ತಾಯಿಯವರು ಕೇಳಿದ್ದು ಒಂದೇ ಮಾತು: “ಸ್ವಾಮಿಯ ದರ್ಶನ ಮಾಡಿದೆಯಾ?” ನಾನು ತಲೆ ತಗ್ಗಿಸಿದೆನು. ಪಕ್ಕದಲ್ಲಿಯೇ ಇದ್ದ ಪಾರ್ಶ್ವನಾಥ ಬಸದಿಯ ಹೊಸ್ತಿಲನ್ನು ನಾನು ತುಳಿದಿರಲಿಲ್ಲ. “ಮನೆಯ ಯಜಮಾನನನ್ನು ಮಾತನಾಡಿಸದೆ ಒಳಗೆ ಹೋಗಿ ಸಾಲ ಕೇಳಿದಂತಾಯಿತಲ್ಲ, ಮಗು” ಎಂದರು ತಾಯಿ. ಸಾಲ ತೀರಲು ಏಳು ವರ್ಷಗಳು ಹಿಡಿದುವು, ತೀರಿಸಿದ್ದು ದುಡಿಮೆ. ಆದರೆ ಆ ದುಡಿಮೆಗೆ ಬೇಕಾದ ಧೈರ್ಯ ಅಂದು ಆ ಸನ್ನಿಧಿಯಲ್ಲಿ ದೊರೆಯಿತೆಂಬುದನ್ನೂ ಅಲ್ಲಗಳೆಯಲಾರೆ. ತಾಯಿಯವರು ಈಗಿಲ್ಲ. ಅವರ ಆ ಪ್ರಶ್ನೆ ಮಾತ್ರ ಪ್ರತಿ ಶುಕ್ರವಾರ ಬಸದಿಯ ಮೆಟ್ಟಿಲೇರುವಾಗ ಕಿವಿಯಲ್ಲಿ ಕೇಳಿಸುತ್ತದೆ.

ಅಣ್ಣನ ಮಗಳಿಗೆ ನಾನು ಕೊನೆಗೆ ಹೀಗೆ ಹೇಳಿದೆನು: “ಆ ತಂಗಿಗೆ ನಮ್ಮ ನಮಸ್ಕಾರ ತಿಳಿಸು. ಅವಳು ಹಚ್ಚಿದ ದೀಪವನ್ನು ಹಳಿಯಬೇಡ. ಆದರೆ ನಾವೂ ಅವರೂ ಒಂದೇ ಅಲ್ಲ. ಅವರಿಗೆ ದೇವಿಯೇ ಲೋಕ. ನಮಗೆ ದೇವಿ ದಾರಿಯಲ್ಲಿ ಸಿಗುವ ಹಿರಿಯಕ್ಕ. ಅವಳೂ ಅದೇ ದಾರಿಯಲ್ಲಿ ನಡೆಯುತ್ತಿರುವವಳು. ಅವಳು ಕೈ ಹಿಡಿಯಬಹುದು, ನಡೆಯಬೇಕಾದವರು ನಾವೇ.”

ಪ್ರತಿಷ್ಠೆಯ ತರುವಾಯ ನಮ್ಮ ಬಸದಿಗೆ ಊರ ಪರಊರ ಜನರು ಹರಕೆ ಹೊತ್ತು ಬರುವರು, ಬರಲಿ. ಅವರು ಸುಕನಾಸಿಯಲ್ಲಿಯೇ ನಿಂತು ಹಿಂದಿರುಗದೆ, ಗರ್ಭಗೃಹದ ಮುಂದೆ ಒಂದು ಕ್ಷಣ ಏನನ್ನೂ ಬೇಡದೆ ನಿಲ್ಲುವಂತೆ ಮಾಡುವ ಹೊಣೆ ಇಲ್ಲಿನ ಶ್ರಾವಕ ಶ್ರಾವಿಕೆಯರದು. ಆ ಹೊಣೆಯನ್ನು ಮೊದಲು ನಮ್ಮ ಮಕ್ಕಳಿಗೆ ಕಲಿಸೋಣ. ಲೇಖನದಲ್ಲಿ ದೋಷಗಳಿದ್ದರೆ ಪೂಜ್ಯರೂ ಪಂಡಿತರೂ ತಿದ್ದಿ ಮನ್ನಿಸಬೇಕೆಂದು ಪ್ರಾರ್ಥಿಸುತ್ತೇನೆ. ಜಿನಶಾಸನಕ್ಕೆ ಜಯವಾಗಲಿ, ಸರ್ವ ಜೀವರಿಗೂ ಶಾಂತಿಯುಂಟಾಗಲಿ.