ಕೊಲೆಯ ಕಥೆ ಹಾಡಾದಾಗ

ಷಿಕಾಗೊ ನಗರದ 1924ರ ಕೊಲೆ ಮೊಕದ್ದಮೆಗಳನ್ನು ಪತ್ರಿಕೆಗೆ ವರದಿ ಮಾಡಿದ ಮೌರಿನ್ ವಾಟ್ಕಿನ್ಸ್ 1926ರಲ್ಲಿ ಅವನ್ನೇ ನಾಟಕವಾಗಿಸಿದರು. 1975ರಲ್ಲಿ ಅದು ಹಾಡು-ಕುಣಿತಗಳ ‘ಷಿಕಾಗೊ’ ಆಯಿತು. ಜಾಜ್ ಕಾಲದ ಥಳುಕೇ ಅದರ ಸೆಳೆತ ಎನ್ನುವವರಿದ್ದಾರೆ. ಆದರೆ ಆ ಥಳುಕಿನ ಸೋಂಕೇ ಇಲ್ಲದ ನಮ್ಮ ಸಣ್ಣಾಟ ‘ಸಂಗ್ಯಾ ಬಾಳ್ಯಾ’ವೂ ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರಿಂದ ಹುಟ್ಟಿದ್ದೆಂದೇ ಪ್ರತೀತಿ. ಸಂಗ್ಯಾನ ಗತಿ ಗೊತ್ತಿದ್ದೂ ಜನ ಬೆಳಗಿನ ತನಕ ಕೂತು ಕೇಳುತ್ತಾರೆ. ಎರಡೂ ಕಡೆ ಹಿಡಿದಿಡುವುದು ಕೇಳುಗರ ಬೀದಿಯದೇ ಮಾತು, ಅವರದೇ ಮಟ್ಟು.

ಬೀದರ, ಭಾಲ್ಕಿ, ಔರಾದಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕ. ಜಾಜ್ ಮೆರೆಯುತ್ತಿದ್ದ ಆ ದಶಕದಲ್ಲಿ ಇವು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಕಚೇರಿ, ಶಾಲೆಗಳಲ್ಲಿ ಉರ್ದುವೇ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತು. ಅಕ್ಷರಕ್ಕೆ ಇಷ್ಟು ಇಕ್ಕಟ್ಟಿದ್ದಲ್ಲಿ ಕನ್ನಡಕ್ಕೆ ಬಯಲಲ್ಲಿ ಜಾಗ ಕೊಟ್ಟದ್ದು ಪದ, ಆಟ, ಭಜನೆ. ಕನ್ನಡ, ಉರ್ದು, ಮರಾಠಿ ಮೂರೂ ಆಡುವ ಈ ನೆಲದಲ್ಲಿ ‘ತಮ್ಮ ಮಾತು’ ಯಾವುದು ಎಂಬ ಆಕ್ಷೇಪ ಸಹಜವೇ. ಆದರೆ ಈ ಸೀಮೆಯಲ್ಲಿ ಮೊಹರಮ್ಮಿನ ಕರ್ಬಲಾ ಕಥೆ ಕನ್ನಡದ ರಿವಾಯತ್ ಪದಗಳಾಗಿದೆ. ಕನ್ನಡ ನೆಲದಿಂದ ಮರಾಠಿಗೆ ಹೋದದ್ದೂ ಉಂಟು: ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹಾಡು ಗಡಿ ದಾಟಿದ್ದು ಹೋದಲ್ಲೆಲ್ಲ ಅಲ್ಲಿನವರ ನಾಲಗೆಗೆ ಒಗ್ಗಿಕೊಂಡೇ.